ಮಾಯಪ್ಪನ ಎರಡು ಫೂಟಪಟ್ಟಿ

ಬೆಳಗಾವಿಯ ಅನಗೋಳದ ಮಾಯಪ್ಪ ಬಡಿಗೇರನ ಮನೆಯಲ್ಲಿ ಎರಡು ಉಕ್ಕಿನ ಫೂಟಪಟ್ಟಿಗಳಿದ್ದವು. ಒಂದು ಎಲ್ಲರ ಮನೆಯಲ್ಲಿರುವಂಥದು. ಇನ್ನೊಂದರ ಇಂಚು ಲೋಕದ ಇಂಚಿಗಿಂತ ಕೂದಲೆಳೆಯಷ್ಟು ಉದ್ದ. ಕರಗಿಸಿದ ಲೋಹ ಆರುವಾಗ ಕುಗ್ಗುತ್ತದೆ. ಎರಕಕ್ಕೆ ಕಟ್ಟಿಗೆಯ ಅಚ್ಚು ಕೆತ್ತುವವನು ಆ ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂಡ್ರುವ ಬದಲು ಪಟ್ಟಿಯಲ್ಲೇ ಅದನ್ನು ಸೇರಿಸಿರುತ್ತಾರೆ. ಉದ್ದ ಪಟ್ಟಿ ಎಂದು ಅದಕ್ಕೆ ಹೆಸರು. ಉದ್ಯಮಬಾಗದ ಫೌಂಡ್ರಿಯಲ್ಲಿ ಹೊಸಬನಿಗೆ ಮೊದಲ ದಿನ ಹೇಳುವ ಮಾತೇ ಇದು: ಸಾದಾ ಪಟ್ಟಿ ಮುಟ್ಟಬೇಡ.

ಅಲ್ಲಿ ಪಂಪಿನ ಅಲ್ಯುಮಿನಿಯಂ ಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಮಾಯಪ್ಪ ಅಚ್ಚಿನ ಮಿಸ್ತ್ರಿ. ಅವನು ಕೆತ್ತಿದ ಅಚ್ಚನ್ನು ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ಆದರೆ ಆ ಅಚ್ಚು ಉಸುಕಿನಲ್ಲಿ ತನ್ನ ಗುರುತು ಮೂಡಿಸಿ ಮತ್ತೆ ಅಟ್ಟದ ಮೇಲೆ ಹೋಗಿ ಕೂಡ್ರುತ್ತಿತ್ತು. ಲೋಹದ ಭಾಗ ಊರು ಬಿಟ್ಟು ಹೋಗುತ್ತಿತ್ತು. ತಾನು ಮಾಡಿದ ಒಂದು ವಸ್ತುವನ್ನು ಯಾರಾದರೂ ಕೈಯಲ್ಲಿ ಹಿಡಿದು ಬಳಸುವುದನ್ನು ಅವನು ಕಂಡಿರಲಿಲ್ಲ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅಚ್ಚಿಗೆ ಬೇಕಾದ ಒಣ ಸಾಗವಾನಿ ಆರಿಸಲು ಖಾನಾಪುರಕ್ಕೆ ಹೋದ. ಬಾಳಾಸಾಹೇಬರ ಕಟ್ಟಿಗೆ ಕೊಯ್ಯುವ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಗೋಣಿತಟ್ಟು ಹೊದ್ದು ಒಂದು ಕಾರು ನಿಂತಿತ್ತು. ಜಪಾನಿನ ಡಾಟ್ಸನ್ನು. ನೆಲಕ್ಕೆ ಒರಗಿದಂತೆ ತಗ್ಗು, ಮೇಲೆ ಮಾಡು ಇಲ್ಲ, ಎರಡೇ ಸೀಟು. ನೈರೋಬಿಯಿಂದ ಮರಳಿದ ಗೋವೆಯ ಡಾಕ್ಟರೊಬ್ಬರು ಅದನ್ನು ಕಣಕುಂಬಿಯ ಅಡವಿಯಲ್ಲಿ ಮರಕ್ಕೆ ಗುದ್ದಿ, ಬಾಳಾಸಾಹೇಬರಿಗೆ ಬಂದ ಬೆಲೆಗೆ ಕೊಟ್ಟು ಬಸ್ಸು ಹತ್ತಿದ್ದರು.

“ಇದನ್ನ ಹಿಂಗ್ಯಾಕ ಇಟ್ಟೀರಿ ಸಾವಕಾರ್ರ?” ಎಂದ ಮಾಯಪ್ಪ.

“ಮತ್ತೇನ್ ಮಾಡ್ಲಿ? ಎರಡ ಸೀಟು. ಮನ್ಯಾಗ ಒಂಬತ್ತು ಮಂದಿ. ಯಾರನ್ನ ಒಯ್ಯಲಿ, ಯಾರನ್ನ ಬಿಡಲಿ? ನಿನಗ ಹುಚ್ಚ ಇದ್ರ ರಿಪೇರಿ ಮಾಡು ಮಿಸ್ತ್ರಿ. ಜಾಗಾ ನಂದು, ಕಟಿಗಿ ನಂದು. ಹುಚ್ಚ ನಿಂದು.”

ಅಂದಿನಿಂದ ಆರು ವರ್ಷಕ್ಕೂ ಮೇಲೆ ಭಾನುವಾರವೆಂದರೆ ಬೆಳಗಿನ ಪ್ಯಾಸೆಂಜರು, ಖಾನಾಪುರ. ಇಂಜಿನ್ನಿನ ಕೆಲಸಕ್ಕೆ ಸ್ಟೇಶನ್ ಹತ್ತಿರದ ಮೆಕ್ಯಾನಿಕ್ ವಹಾಬ ಜೊತೆಯಾದ. ಅವನೂ ಕೂಲಿ ಕೇಳಲಿಲ್ಲ. “ಲಾರಿ ಬಿಚ್ಚಿ ಬಿಚ್ಚಿ ಬ್ಯಾಸರ ಆಗೇತಿ ಮಾಯಪ್ಪಣ್ಣಾ, ಇದು ಗಡಿಯಾರ ಇದ್ದಂಗ ಐತಿ” ಎನ್ನುತ್ತಿದ್ದ. ಬಿಡಿಭಾಗ ಬೆಳಗಾವಿಯಲ್ಲಿರಲಿ, ಮುಂಬಯಿಯಲ್ಲೂ ಸಿಗುತ್ತಿರಲಿಲ್ಲ. ಎಲ್ಲ ಮಾಡಿಕೊಳ್ಳಬೇಕು. ಮುಂದಿನ ಗಾಲಿಯ ಮೇಲಿನ, ನುಗ್ಗಾದ ಎಡಗಡೆಯ ರೆಕ್ಕೆಗೆ ಮಾಯಪ್ಪ ಮೊದಲು ಬಲಗಡೆಯದನ್ನು ಅಳೆದು, ಅದನ್ನು ತಿರುವಿ ಕಟ್ಟಿಗೆಯಲ್ಲಿ ಕೆತ್ತಿಕೊಂಡ. ಆ ಕಟ್ಟಿಗೆಯ ಮೇಲೆ ತಗಡು ಇಟ್ಟು ಬಡಿದ. ಒಂದು ರೆಕ್ಕೆಗೆ ಎಂಟು ತಿಂಗಳು. ಮುರಿದ ಸ್ಟೇರಿಂಗಿಗೆ ಬೀಟೆಯ ಹದಿನಾರು ತುಂಡು ಅಂಟಿಸಿ ಹೊಸ ಬಳೆ ಮಾಡಿದ. ಮಳೆಗಾಲದಲ್ಲಿ ಆ ಸೀಮೆಯ ಕಬ್ಬಿಣ ಒಂದು ವಾರಕ್ಕೆ ಕೆಂಪಾಗುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ತಪ್ಪದೆ ಒರೆಸುತ್ತಿದ್ದ. ಇಂಜಿನ್ನು ಹಿಡಿದುಕೊಳ್ಳದಿರಲೆಂದು ವಾರಕ್ಕೊಮ್ಮೆ ಬೋಲ್ಟು ತಿರುಗಿಸುವ ಪಾನಾ ಹಾಕಿ ಕೈಯಿಂದಲೇ ನಾಲ್ಕು ಸುತ್ತು ತಿರುಗಿಸುತ್ತಿದ್ದ.

“ನನ್ನ ತವರಿಗೆ ವರ್ಷಕ್ಕೊಮ್ಮೆ ಕರಕೊಂಡ ಹೋಗವಲ್ರಿ. ಆ ಸವತಿ ಮೈ ತಿಕ್ಕಾಕ ವಾರಾ ವಾರಾ ಹೋಗ್ತೀರಿ” ಎಂದು ಹೆಂಡತಿ ಸಂಗವ್ವ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಎಂದೂ ಕಟ್ಟಿಕೊಡುವುದು ತಪ್ಪಿಸಲಿಲ್ಲ.

ಎಂಬತ್ತೊಂದರ ಹೊತ್ತಿಗೆ ಒಂದೇ ಒಂದು ಭಾಗ ಬಾಕಿ ಉಳಿಯಿತು. ಎರಡು ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ, ಹದಿನೈದು ಇಂಚಿನ ಅಲ್ಯುಮಿನಿಯಂ ನಳಿಗೆ. ಇಂಜಿನ್ನು ಇಳಿಸಿಟ್ಟಾಗ ದಿಮ್ಮಿಯೊಂದು ಉರುಳಿ ಅದು ಮೂರು ಚೂರಾಗಿತ್ತು. ಹೊಸದನ್ನು ಎರಕ ಹೊಯ್ಯಲೇಬೇಕು. ಮಾಯಪ್ಪನಿಗೆ ಅದು ದಿನದ ಕೆಲಸ. ಕೊನೆಗೆಂದು ಇಟ್ಟುಕೊಂಡಿದ್ದ, ಹೋಳಿಗೆಯ ತುಪ್ಪದ ಹಾಗೆ.

ಆಗ ಬಾಳಾಸಾಹೇಬರು ಶೆಡ್ಡಿಗೆ ಬಂದು ಹೇಳಿದರು. “ಪುಣೇದವ್ರು ಒಬ್ರು ನೋಡಿ ಹೋಗ್ಯಾರ. ಚಾಲೂ ಆದ ದಿನ ಒಯ್ತೇವಿ ಅಂದಾರ. ಇನ್ನ ಆ ನಳಿಗಿ ಒಂದ ಅಲ್ಲ ಮಿಸ್ತ್ರಿ?”

“ಹೂಂ ರೀ. ಅದೊಂದ.”

ಅವರು ಮಾತು ತಪ್ಪಿದರೆನ್ನಲು ಬರುವುದಿಲ್ಲ. ಕಾರು ಅವರದು. ಕೊಡುತ್ತೇನೆಂದು ಎಂದೂ ಅಂದಿರಲಿಲ್ಲ. ಕೊಳ್ಳುತ್ತೇನೆ ಎನ್ನಲು ಮಾಯಪ್ಪನಿಗೆ ಶಕ್ತಿಯಿರಲಿಲ್ಲ.

ಆ ವಾರ ಮನೆಯ ಪಡಸಾಲೆಯಲ್ಲಿ ನಳಿಗೆಯ ಅಚ್ಚು ಕೆತ್ತಲು ಕುಳಿತ. ಸಾದಾ ಪಟ್ಟಿ ತೆಗೆದುಕೊಂಡ. ಕೈ ತಾನೇ ಹೋಯಿತು ಎಂದರೆ ಸುಳ್ಳಾದೀತು. ತಿಳಿದೇ ತೆಗೆದುಕೊಂಡ.

ಎರಕ ಆರಿದಾಗ ನಳಿಗೆ ಒಂದೂವರೆ ಸೂತ ಗಿಡ್ಡವಾಗಿತ್ತು. ಇಂಚಿನ ಎಂಟನೆಯ ಪಾಲಿಗೆ ಸೂತ ಎನ್ನುತ್ತಾರೆ. ನಡುವಿನ ಬೋಲ್ಟು ಕೂತವು, ಎರಡೂ ತುದಿಯವು ಕೂಡ್ರಲಿಲ್ಲ. “ಕಟಿಗಿ ಹಸೀ ಇತ್ತು” ಎಂದ. ತಿಂಗಳ ಮೇಲೆ ಇನ್ನೊಂದು ತಂದ, ಅದೂ ಅಷ್ಟೇ. ಮೂರನೆಯದೂ ಅಷ್ಟೇ. ವಹಾಬ ಮೂರನ್ನೂ ಹಲಗೆಯ ಮೇಲೆ ಒಂದರ ಬಾಜು ಒಂದು ಇಟ್ಟು ಬಗ್ಗಿ ನೋಡಿದ.

“ತಪ್ಪು ಅಂದ್ರ ಒಂದೊಂದ ಸಲ ಒಂದೊಂದ ನಮೂನಿ ಆಗತೈತಿ ಮಾಯಪ್ಪಣ್ಣಾ. ಇವು ಮೂರೂ ಅವಳಿ ಜವಳಿ ಇದ್ದಂಗ ಅದಾವಲ್ಲ.”

ಮಾಯಪ್ಪ ಸೀಮೆಎಣ್ಣೆಯ ಬಟ್ಟೆ ಎತ್ತಿಕೊಂಡು ರೆಕ್ಕೆ ಒರೆಸತೊಡಗಿದ. ವಹಾಬ ಚಹಾ ತರಲು ಹೋದ.

ಎರಕ ಹೊಯ್ದದ್ದು ಉದ್ಯಮಬಾಗದಲ್ಲೇ, ಆದ್ದರಿಂದ ಸುದ್ದಿ ಅಲ್ಲಿ ಮೊದಲೇ ಹಬ್ಬಿತ್ತು. “ಮಿಸ್ತ್ರಿಯವರ ಇಂಚು ಬಡವಾಗೈತಿ, ಹಾಲು ಕುಡಸ್ರಿ” ಎಂದು ಉಸುಕು ತುಂಬುವವರು ನಕ್ಕರು. ಅದನ್ನು ತಾಳಿಕೊಂಡ. ಮುಂದಿನ ಸೋಮವಾರ ಸುಪರವೈಜರ್ ಸಿದರಾಯ, ಇವನ ಅರ್ಧ ವಯಸ್ಸಿನವನು, ಪಟ್ಟಿ ಹಿಡಿದು ಬಂದು ಪಂಪಿನ ಅಚ್ಚಿನ ಮುಂದೆ ನಿಂತ.

“ತಪ್ಪ ತಿಳೀಬ್ಯಾಡ್ರಿ ಕಾಕಾ. ಮಾಲಕರು ಅಳದ ನೋಡಂದಾರ.”

“ನೋಡಪಾ” ಎಂದು ಮಾಯಪ್ಪ ಅಚ್ಚನ್ನು ತಾನೇ ಅಲುಗದಂತೆ ಹಿಡಿದುಕೊಟ್ಟ. ಅಳತೆ ಸರಿಯಿತ್ತು. ಸಿದರಾಯ ಎರಡು ಸಲ ಅಳೆದ.

ಅಂದಿನಿಂದ ಮಾಯಪ್ಪ ಇದನ್ನೇ ಎಣಿಸತೊಡಗಿದ. ಬೇಕೆಂದೇ ಮಾಡಿದೆ ಎಂದರೆ ಸಾವಕಾರರಿಗೆ ಮೋಸ ಮಾಡಿದಂತೆ. ತಪ್ಪಿತು ಎಂದರೆ ಹದಿನಾರು ವರ್ಷದ ಹೆಸರು ಹೋದಂತೆ. ನಳಿಗೆ ಸರಿಮಾಡಿದರೆ ಕಾರು ಹೋಗುತ್ತದೆ. ಮಾಡದಿದ್ದರೆ ಪ್ರತಿ ಭಾನುವಾರ ವಹಾಬನ ಮುಖ, ಪ್ರತಿ ಸೋಮವಾರ ಸಿದರಾಯನ ಪಟ್ಟಿ. ಯಾವ ಕಡೆ ಹೊರಳಿದರೂ ಗೋಡೆ. ಆದರೂ ಶನಿವಾರ ಮತ್ತೆ ಸಾಗವಾನಿಯ ತುಂಡು ಮುಂದಿಟ್ಟುಕೊಂಡು ಸಾದಾ ಪಟ್ಟಿಗೆ ಕೈ ಹಾಕಿದ.

ಸಂಗವ್ವ ಕಸ ಗುಡಿಸುತ್ತಿದ್ದವಳು ಕಸಬರಿಗೆ ಗೋಡೆಗೆ ಆನಿಸಿ ಬಂದು ಎದುರು ಕುಳಿತಳು. ಉದ್ದ ಪಟ್ಟಿಯಿದ್ದ ಅರಿವೆಯ ಚೀಲವನ್ನು ನಡುವೆ ಇಟ್ಟಳು.

“ನಾ ಸಾಲಿಗೆ ಹೋದಾಕಿ ಅಲ್ಲ ಖರೇ. ಆದ್ರ ಈ ಗಂಟು ನಾ ಕಟ್ಟಿದ್ದು. ದೀಪಾವಳಿಗೆ ಕಟ್ಟೀನಿ, ಇನ್ನೂ ಹಂಗ ಐತಿ. ಮೂರು ಅಚ್ಚು ಮಾಡಿದ್ರಿ, ಒಮ್ಮಿ ಬಿಚ್ಚಿಲ್ಲ.”

ಮಾಯಪ್ಪ ಚೀಲವನ್ನು ಬದಿಗೆ ಸರಿಸಿದ. “ಚಾಲೂ ಆದ್ರ ಒಯ್ತಾರ” ಎಂದ.

“ಒಯ್ಲಿ ಅನ್ನಂಗಿಲ್ಲ ನಾ. ಆರು ವರ್ಷ ಆಕಿ ಕೂಡ ನಾನೂ ಬಾಳ್ವೆ ಮಾಡೀನಿ. ಆದ್ರ ನಿನ್ನಿ ನಳದ ಕಡೆ ಬಾಜು ಮನಿಯಾಕಿ ಕೇಳಿದ್ಲು, ನಿಮ್ಮವರ ಕಣ್ಣು ಹೋಗ್ಯಾವಂತ, ಹೌದೇನ್ರೀ ಅಂತ. ಏನ್ ಹೇಳ್ಲಿ? ಕಣ್ಣು ಹೋಗ್ಯಾವ ಅನ್ಲ್ಯೋ, ಕಳ್ಳಾಟ ನಡಿಸ್ಯಾರ ಅನ್ಲ್ಯೋ? ಎರಡರಾಗ ಒಂದು ನೀವ ಆರಿಸಿ ಕೊಡ್ರಿ. ಅದನ್ನ ಹೇಳ್ತೀನಿ.”

ಅಷ್ಟು ಹೇಳಿ ಉಳಿದ ಕಸ ಗುಡಿಸಲು ಎದ್ದಳು. ಗಂಟು ಬಿಗಿಯಾಗಿತ್ತು. ಮಾಯಪ್ಪ ಅದನ್ನು ಉಗುರಿನಿಂದ ಬಿಡಿಸಿದ.

ನಾಲ್ಕನೆಯ ನಳಿಗೆ ಬೆರಳಲ್ಲಿ ತಿರುವಿದರೆ ಬೋಲ್ಟು ಹೋಗುವಷ್ಟು ಸರಿಯಾಗಿ ಕೂತಿತು. ವಹಾಬ ಪಾನಾ ಕೆಳಗಿಟ್ಟು, “ಇದು ನಿಮ್ಮ ಕೈ” ಎಂದಷ್ಟೇ ಅಂದ. ಮೂರನೆಯ ಸಲಕ್ಕೆ ಇಂಜಿನ್ನು ಹೊತ್ತಿತು. ಮಿಲ್ಲಿನ ಮಂದಿ ಕರಗಸ ನಿಲ್ಲಿಸಿ ಬಂದರು.

“ಕುಂದರ್ ಮಿಸ್ತ್ರಿ, ಮೊದಲ ನೀನ ಹೊಡಿ” ಎಂದರು ಬಾಳಾಸಾಹೇಬರು.

“ನನಗ ಗಾಡಿ ಹೊಡ್ಯಾಕ ಬರಂಗಿಲ್ರೀ.”

ಅವರು ನಗೆ ತಡೆಯಲಾರದೆ ತೊಲೆಯ ಮೇಲೆ ಕುಳಿತುಬಿಟ್ಟರು. ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ವಹಾಬ ಹೊಡೆದ. ಮಾಯಪ್ಪ ಎರಡನೆಯ ಸೀಟಿನಲ್ಲಿ ಕುಳಿತು ಗುಂಜಿ ಊರಿನವರೆಗೆ ಹೋಗಿಬಂದ. ಅಡವಿ ನೋಡಲಿಲ್ಲ. ಬೀಟೆಯ ಬಳೆಯ ಮೇಲೆ ವಹಾಬನ ಕೈ ತಿರುಗುವುದನ್ನೇ ನೋಡುತ್ತಿದ್ದ. ಗುರುವಾರ ಪುಣೆಯವರು ಬಂದು ಒಯ್ದರು. ಮಾಯಪ್ಪ ಫೌಂಡ್ರಿಯ ಕೆಲಸದ ಮೇಲಿದ್ದ.

ಸರಿಯಾದ ನಳಿಗೆ ಕಂಡ ಮೇಲೆ ಫೌಂಡ್ರಿಯಲ್ಲಿ ಅಳತೆ ನೋಡುವುದು ನಿಂತೀತು ಎಂದು ಅವನು ಎಣಿಸಿದ್ದ. ನಿಲ್ಲಲಿಲ್ಲ. ನಾಲ್ಕರಲ್ಲಿ ಒಂದು ಸರಿಯಾಯಿತು ಎಂದು ಮಾಲಕರು ತಿಳಿದರು, ಅವರ ಲೆಕ್ಕವೂ ತಪ್ಪಲ್ಲ. ಮೂರು ಹೇಗೆ ಕೆಟ್ಟವೆಂದು ಹೇಳಲು ಮಾಯಪ್ಪನಿಗೆ ಬಾಯಿರಲಿಲ್ಲ. ಎಂಬತ್ತೆಂಟರಲ್ಲಿ ಮಾಯಪ್ಪ ಕೆಲಸ ಬಿಡುವವರೆಗೂ ಸೋಮವಾರ ಬೆಳಿಗ್ಗೆ ಸಿದರಾಯ ಬರುತ್ತಿದ್ದ. ಅವನು ಬರುವ ಮೊದಲೇ ಮಾಯಪ್ಪ ಮೇಜಿನ ಹೊಟ್ಟು ಒರೆಸಿ, ಅಚ್ಚು ಇಟ್ಟು, ಅದರ ಬಲಕ್ಕೆ ಮನೆಯಿಂದ ತಂದ ಉದ್ದ ಪಟ್ಟಿಯನ್ನು ಅಂಕಿಗಳು ಸಿದರಾಯನ ಕಡೆಗೆ ಇರುವಂತೆ ಇಡುತ್ತಿದ್ದ.