ಟೈಲರ್ ಮಾವ ಆರಿಸಿಕೊಂಡ ವಿಷಯ

ಕಳೆದ ವಾರ ತೀರ್ಥಹಳ್ಳಿ ಪೇಟೆಯಲ್ಲಿ ಇಸ್ತ್ರಿ ಗಾಡಿಯೊಂದರ ಪಕ್ಕ ಹಾದುಹೋಗುತ್ತಿದ್ದವಳು ತಟ್ಟನೆ ನಿಂತುಬಿಟ್ಟೆ. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ವಾಸನೆ... ಸ್ವಲ್ಪ ಇದ್ದಿಲು, ಸ್ವಲ್ಪ ಗಂಜಿ. ಅರವತ್ತರ ದಶಕದಲ್ಲಿ, ಹೊಸನಗರದ ನಮ್ಮ ಎದುರುಮನೆಯ ಜಗಲಿಯಿಂದ ದಿನವೂ ಬರುತ್ತಿದ್ದ ವಾಸನೆ ಅದು. ಆ ಜಗಲಿಯೇ ಟೈಲರ್ ಮಾವನ ಅಂಗಡಿ.

ಅವರು ನಮ್ಮ ನೆಂಟರೇನಲ್ಲ. ಅವರ ಒಬ್ಬಳೇ ಮಗಳು ನನ್ನ ಗೆಳತಿ. ಅವಳು ನನ್ನಪ್ಪನನ್ನು ಮಾವ ಎನ್ನುತ್ತಿದ್ದಳು, ನಾನು ಅವಳಪ್ಪನನ್ನು. ಎಸ್.ಎಸ್.ಎಲ್.ಸಿ. ಪಾಸಾದ ವರ್ಷವೇ ತಂದೆ ತೀರಿಕೊಂಡದ್ದರಿಂದ ಹೊಲಿಗೆ ಮಿಷನ್ನಿನ ಮುಂದೆ ಕೂತವರು ಅವರು. ಕಾಲೇಜು ಕಾಣದ ಬೇಸರವನ್ನು ಬಾಯಿಬಿಟ್ಟು ಆಡಿದವರಲ್ಲ. ಮಗಳು ಹೈಸ್ಕೂಲು ಮುಗಿಸಿದಾಗ ಮಾತ್ರ ಅಳತೆ ಕೊಡಲು ಬಂದವರಿಗೆಲ್ಲ, "ಇವಳನ್ನ ಎಂತಾದ್ರೂ ಮಾಡಿ ಮುಂದೆ ಓದಿಸ್ಬೇಕು" ಎನ್ನುತ್ತಿದ್ದರು.

ನಮ್ಮೂರಲ್ಲಿ ಕಾಲೇಜಿರಲಿಲ್ಲ. ಹೆಣ್ಣುಮಕ್ಕಳನ್ನು ಪರವೂರಲ್ಲಿ ಬಿಡಲು ನನ್ನಪ್ಪನೂ ಒಪ್ಪಲಿಲ್ಲ, ಅವಳಮ್ಮನೂ ಒಪ್ಪಲಿಲ್ಲ. ಮನೆಯಲ್ಲೇ ಓದಿಕೊಂಡು ಖಾಸಗಿಯಾಗಿ ಪಿ.ಯು.ಸಿ. ಪರೀಕ್ಷೆ ಬರೆಯಬಹುದು, ಪಾಸಾದರೆ ಮುಂದೆ ಡಿಗ್ರಿಗೆ ದಾರಿಯಾಗುತ್ತದೆ ಎಂದು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಹೇಳಿದರು. ಇನ್ನು ಯಾವ ವಿಷಯ ತೆಗೆದುಕೊಳ್ಳುವುದು ಎಂಬುದೊಂದೇ ಪ್ರಶ್ನೆ. ಪ್ರಯೋಗಶಾಲೆ ಬೇಕಾದ ವಿಷಯಗಳು ಮೊದಲೇ ನಮ್ಮ ಪಾಲಿಗಿರಲಿಲ್ಲ. ನಾನು ಚರಿತ್ರೆ, ಅರ್ಥಶಾಸ್ತ್ರ, ತರ್ಕಶಾಸ್ತ್ರ ಎಂದೆ. ಅವಳು ತರ್ಕಶಾಸ್ತ್ರದ ಬದಲು ಲೆಕ್ಕ ಬೇಕೆಂದು ಹಟ ಹಿಡಿದಳು. ಅವಳಿಗೆ ಲೆಕ್ಕವೆಂದರೆ ಪ್ರಾಣ. ಊಟಕ್ಕೆ ಕೂತಾಗಲೂ ಎಲೆಯ ಪಕ್ಕದ ನೆಲದ ಮೇಲೆ ಒದ್ದೆ ಬೆರಳಲ್ಲಿ ಏನೋ ಬರೆಯುತ್ತಿರುತ್ತಿದ್ದಳು.

"ಲೆಕ್ಕ ಒಬ್ರೇ ಕೂತು ಓದೋ ವಿಷಯ ಅಲ್ಲಮ್ಮ," ಎಂದರು ಮೇಷ್ಟ್ರು. "ಪಿ.ಯು.ಸಿ. ಲೆಕ್ಕ ನಾನೂ ಹೇಳ್ಕೊಡಲಾರೆ."

ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದ ಮಾವ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಮೊದ್ಲು ಪಾಸಾಗು ಮಗಾ. ಲೆಕ್ಕ ಆಮೇಲೆ ಓದಿದ್ರಾಯ್ತು," ಎಂದರು. ಅವಳು ಅಪ್ಪನ ಮುಖ ನೋಡಿದಳು. ಜಗಳ ಮಾಡುತ್ತಾಳೆಂದುಕೊಂಡಿದ್ದೆ, ಮಾಡಲಿಲ್ಲ. "ಆಯ್ತು" ಎಂದಳು, ಅಷ್ಟೇ.

ಆ ಮಳೆಗಾಲವಿಡೀ ನಾವಿಬ್ಬರೂ ಅಂಗಡಿಯ ಮೂಲೆಯಲ್ಲಿ ಕೂತು ತರ್ಕಶಾಸ್ತ್ರ ಓದಿದೆವು. ಮಳೆ ಹಿಂದಾಗುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಮೊದಲು ಶೀತಜ್ವರ ಎಂದರು, ಆಮೇಲೆ ಟೈಫಾಯಿಡ್ ಎಂದರು. ಶಿವಮೊಗ್ಗಕ್ಕೆ ಕರೆದೊಯ್ಯಲು ಮಾವ ಕಾರು ಗೊತ್ತುಮಾಡಿ ಬಂದಿದ್ದರು. ಕಾರು ಬಾಗಿಲಿಗೆ ಬಂದಾಗ ಅದರ ಅಗತ್ಯವಿರಲಿಲ್ಲ...

ನಾನು ಪುಸ್ತಕ ಕಟ್ಟಿಟ್ಟೆ. ಎದುರುಮನೆಯ ಕಡೆ ನೋಡುವುದನ್ನೇ ಬಿಟ್ಟೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವನೇ ನಮ್ಮ ಮನೆಗೆ ಬಂದರು. ತೆಳ್ಳಗಾಗಿದ್ದರು.

"ಓದ್ತಾ ಇದ್ದೀಯೇನೆ?"

ನಾನು ಮೂಲೆಯಲ್ಲಿ ಕಟ್ಟಿಟ್ಟಿದ್ದ ಪುಸ್ತಕದ ಗಂಟು ತೋರಿಸಿದೆ.

"ನಾನೂ ಪರೀಕ್ಷೆ ಕಟ್ತೀನಿ. ಅರ್ಜಿ ತುಂಬೋದು ಹೆಂಗೆ ಹೇಳು. ಚರಿತ್ರೆ, ಅರ್ಥಶಾಸ್ತ್ರ... ಮತ್ತೆ ಲೆಕ್ಕ."

"ಲೆಕ್ಕ ಕಷ್ಟ ಮಾವ. ನೀವು ಶಾಲೆ ಬಿಟ್ಟು ಎಷ್ಟು ವರ್ಷ ಆಯ್ತು!"

"ಗೊತ್ತು ಕಣೆ. ಅವಳು ಕೇಳಿದ್ದು ಅದೊಂದನ್ನೇ. ನಾನು 'ಆಮೇಲೆ' ಅಂದೆ."

ಅವಳಮ್ಮ, ನಾನು ಅತ್ತೆ ಎನ್ನುತ್ತಿದ್ದವರು, ಎದುರುಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿರಬೇಕು. "ಪುಸ್ತಕ ಓದ್ತಾ ಕೂತ್ರೆ ಮಗಳು ವಾಪಸ್ ಬತ್ತಾಳಾ?" ಎಂದು ಕೂಗಿದರು. ಮಾವ ತಿರುಗಿ ನೋಡಲಿಲ್ಲ.

ಹೀಗೆ ನಾವಿಬ್ಬರೂ ಓದಲು ಕೂತೆವು. ನನ್ನ ಚರಿತ್ರೆಯ ಪಾಠವನ್ನು ಅವರಿಗೆ ಒಪ್ಪಿಸುತ್ತಿದ್ದೆ. ಅವರ ಲೆಕ್ಕಕ್ಕೆ ನಾನು ಏನೂ ನೆರವಾಗಲಾರದೆ ಸುಮ್ಮನೆ ನೋಡುತ್ತಿದ್ದೆ. ತ್ರಿಕೋನಮಿತಿಯ ಒಂದು ಲೆಕ್ಕ ಹಿಡಿದರೆ ಬೆಳಗ್ಗಿನಿಂದ ಸಂಜೆಯವರೆಗೆ ಅದೇ. ಮಾಡಿ, ಅಳಿಸಿ, ಮತ್ತೆ ಮಾಡಿ... ಒಮ್ಮೆ ಯಾರದೋ ಮದುವೆಯ ಕೋಟು ತಡವಾಗಿ ಬೈಸಿಕೊಂಡರು. ಬೈದವರು ಹೋದ ಮೇಲೆ ಮತ್ತೆ ಸೀಸದಕಡ್ಡಿ ಕೈಗೆತ್ತಿಕೊಂಡರು.

ಪರೀಕ್ಷೆಯ ಕೇಂದ್ರ ಸಾಗರದಲ್ಲಿತ್ತು. ಮಾವನ ಜೊತೆ ಎಂದದ್ದಕ್ಕೆ ಅಪ್ಪ ನನ್ನನ್ನು ಕಳಿಸಿದರು. ಸಾಗರದಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಉಳಿದೆವು. ಲೆಕ್ಕದ ದಿನ ನನಗೆ ಪರೀಕ್ಷೆಯಿರಲಿಲ್ಲ, ಆದರೂ ಜೊತೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕರು ಅವರನ್ನು ತಡೆದು, "ಮಕ್ಕಳನ್ನ ಬಿಡೋಕೆ ಬಂದವರು ಹೊರಗೆ ನಿಲ್ಲಿ ಯಜಮಾನರೇ," ಎಂದರು. ಮಾವ ಜೇಬಿನಿಂದ ಪ್ರವೇಶಪತ್ರ ತೆಗೆದು ತೋರಿಸಿದರು. ಸುತ್ತಲಿದ್ದ ಹುಡುಗರು ನಕ್ಕರು. ಮಾವನೂ ಅವರ ಜೊತೆ ನಕ್ಕು ಒಳಗೆ ಹೋದರು. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೊರಬಂದವರು ಮರದ ಕೆಳಗೆ ಕೂತರು. "ಒಂದು ಲೆಕ್ಕ ಪೂರ್ತಿ ಬಂತು ಕಣೆ. ಉಳಿದದ್ದೆಲ್ಲ ಅವಳಿಗಾಗಿದ್ರೆ ಬರ್ತಿತ್ತು," ಎಂದರು. ಆಮೇಲೆ ಪಂಚೆಯ ಚುಂಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸ್ಮಶಾನದಿಂದ ಬಂದ ದಿನವೂ ಅಳದ ಮನುಷ್ಯ. ನಾನು ಪಕ್ಕದಲ್ಲಿ ಕೂತಿದ್ದೆ...

ನಾನು ಪಾಸಾದೆ. ಮಾವ ಫೇಲಾದರು. ಪೇಪರಿನಲ್ಲಿ ನನ್ನ ನಂಬರು ನೋಡಿಕೊಂಡು ಬಂದು ಬೀದಿಯಲ್ಲೇ ಕೂಗಿ ಹೇಳಿದವರು ಅವರೇ. ಮುಂದೆ ನನ್ನನ್ನು ಡಿಗ್ರಿಗೆ ಕಳಿಸುವಂತೆ ಅಪ್ಪನ ಜೊತೆ ವಾದ ಮಾಡಿ ಗೆದ್ದವರೂ ಅವರೇ. ತಾವು ಮತ್ತೊಮ್ಮೆ ಕಟ್ಟಿದರು, ಮತ್ತೆ ಲೆಕ್ಕದಲ್ಲೇ ಹೋಯಿತು.

ನಾನು ತೀರ್ಥಹಳ್ಳಿಯಲ್ಲಿ ಟೀಚರಾದ ಮೇಲೆ ಒಮ್ಮೆ ನನ್ನನ್ನು ನೋಡಲು ಬಂದಿದ್ದರು. ಕಾಫಿ ಕೊಟ್ಟು, ಪರೀಕ್ಷೆ ಮತ್ತೆ ಬರೆದಿರಾ ಎಂದು ಕೇಳಿದೆ.

"ಇಲ್ಲ ಮಾರಾಯ್ತಿ. ಈಗೀಗ ಲೆಕ್ಕ ಬರೋಕೆ ಶುರುವಾಗಿದೆ. ಪಾಸಾಗಿಬಿಟ್ರೆ ಅಂತ ಹೆದರಿಕೆ ಆಯ್ತು," ಎಂದರು.

"ಪಾಸಾಗೋಕೆ ಹೆದರಿಕೆ ಎಂತಕ್ಕೆ ಮಾವ?" ಎಂದೆ.

"ಪಾಸಾದ್ರೆ ಮುಗೀತಲ್ಲ. ಅವಳ ಜೊತೆ ಕೂತು ಮಾಡೋಕೆ ನಂಗೆ ಮತ್ತೆಂತ ಉಳೀತದೆ?"

ಸಂಜೆಯ ಬಸ್ಸಿಗೆ ಹೊರಟುಹೋದರು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕ್ರಿಯೆಗಳೆಲ್ಲ ಮುಗಿದ ಮೇಲೆ. ಅತ್ತೆಯೂ ಹೋಗಿ ಎಷ್ಟೋ ಕಾಲವಾಯಿತು. ಈಗ ನನಗೆ ಆಗಿನ ಮಾವನಿಗಿಂತ ಹೆಚ್ಚು ವಯಸ್ಸು. ಅವರ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಅವಳ ಮುಖ ಇತ್ತೀಚೆಗೆ ಸ್ಪಷ್ಟವಾಗಿ ಬರುವುದಿಲ್ಲ... ಅವಳು ಹೇಗಿದ್ದಳು ಎಂದು ಕೇಳೋಣವೆಂದರೆ, ಅವಳನ್ನು ಕಂಡವರು ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ.