ಪುಟಾಣಿಯ ಕೊರಳಪಟ್ಟಿ

ಮಶಾಕಸಾಬನಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿರಲಿಲ್ಲ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಮಾತ್ರ ಕಾರಣವೂ ಇತ್ತು. ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನ ಚಹಾದಂಗಡಿಯ ಎದುರಿಗೇ ಅವನ ಟಾಂಗಾ ನಿಲ್ಲುತ್ತಿತ್ತು. ಕುದುರೆಯ ಕಾಲ ಸಂದಿಯಲ್ಲಿ ಗೇಣುದ್ದದ ಒಂದು ನಾಯಿ ಮಲಗುತ್ತಿತ್ತು. ಹುರಿದ ಪುಟಾಣಿ ಕಡಲೆಯ ಬಣ್ಣ, ಅದಕ್ಕೇ ಪುಟಾಣಿ ಎಂಬ ಹೆಸರು. ನಾಯಿ ನಿನ್ನದೇನೋ ಎಂದು ಕೇಳಿದರೆ, ಅಲ್ಲ, ತಾನಾಗಿ ಬಂದು ಬಿದ್ದಿದೆ ಎನ್ನುತ್ತಿದ್ದ. ದಿನಾ ಅರ್ಧ ರೊಟ್ಟಿ ಹಾಕುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹುಚ್ಚುನಾಯಿಯೊಂದು ಯಾರನ್ನೋ ಕಚ್ಚಿತು. ಮರುದಿನವೇ ಮುನಿಸಿಪಾಲ್ಟಿಯ ಡಂಗುರ ಬಿತ್ತು: ಕೊರಳಲ್ಲಿ ಪಟ್ಟಿ ಇಲ್ಲದ ನಾಯಿಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಹೋದ ನಾಯಿ ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಶಾಕಸಾಬ ಅಂಗಡಿ ಅಂಗಡಿ ಅಲೆದ. ಇದ್ದ ಪಟ್ಟಿಗಳೆಲ್ಲ ಬಂಗಲೆ ಕಾಯುವ ನಾಯಿಗಳಿಗೆ. ಕೊನೆಯ ತೂತಿಗೆ ಬಿಗಿದರೂ ಪುಟಾಣಿ ತಲೆ ತಗ್ಗಿಸಿ ಹೊರಬಂದು ಬಾಲ ಅಲ್ಲಾಡಿಸುತ್ತಿತ್ತು. ಕಬ್ಬಿಣದ ಸರಪಳಿ ಹಾಕಿದರೆ ಅದರ ಭಾರಕ್ಕೆ ಕೂತಲ್ಲಿಂದ ಏಳಲಿಲ್ಲ. ಸೆಣಬಿನ ಹಗ್ಗ ಕೊರಳ ಕೂದಲನ್ನೇ ಕಿತ್ತಿತು.

"ಎಮ್ಮಿಗೆ ಸಿಗ್ತದ, ಎತ್ತಿಗೆ ಸಿಗ್ತದ. ಈ ಗೇಣುದ್ದ ನಾಯಿಗೆ ಇಷ್ಟು ದೊಡ್ಡ ಊರಾಗ ಒಂದು ಪಟ್ಟಿ ಇಲ್ಲ" ಎಂದು ನನ್ನ ಮೇಲೆ ಹರಿಹಾಯ್ದ, ನಾನೇ ಎಲ್ಲೋ ಬಚ್ಚಿಟ್ಟವನಂತೆ. ನನಗೂ ರೇಗಿತು. ಚಹಾ ಆರುತ್ತದೆ, ಮೊದಲು ಕುಡಿ ಎಂದೆ.

ಕೊನೆಗೆ ಒಂದು ದಿನದ ದುಡಿಮೆ ಬಿಟ್ಟು ತಿಕೋಟಾಕ್ಕೆ ಹೋದ. ಅಲ್ಲಿ ಎತ್ತಿನ ಕೊರಳಪಟ್ಟಿ ಹೊಲಿಯುವ ಶಾಂತಪ್ಪ, ಮೆತ್ತನೆಯ ತೊಗಲಿನಲ್ಲಿ ಸಣ್ಣದೊಂದು ಪಟ್ಟಿ ಮಾಡಿ ಗೆಜ್ಜೆಯನ್ನೂ ಪೋಣಿಸಿಕೊಟ್ಟ. ಈ ಸಲ ಜಾರಲಿಲ್ಲ. ಮಶಾಕಸಾಬ ಪುಟಾಣಿಯನ್ನು ಟಾಂಗಾದಲ್ಲಿ ತನ್ನ ಪಕ್ಕ ಕೂರಿಸಿಕೊಂಡು, ಪಟ್ಟಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೀಟಿನ ಕಂಬಿಗೆ ಬಿಗಿದ. ಆ ದಿನ ಅವನು ನಕ್ಕಿದ್ದನ್ನು ನೋಡಿದೆ.

ಮರುದಿನ ನನ್ನ ಅಂಗಡಿಯ ಮುಂದೆಯೇ ಬೆಕ್ಕೊಂದು ಅಡ್ಡ ಓಡಿತು. ಪುಟಾಣಿ ಜಿಗಿಯಿತು. ಹಗ್ಗ ನೆಲ ಮುಟ್ಟುವಷ್ಟು ಉದ್ದವಿರಲಿಲ್ಲ. ಗಾಲಿಯ ಪಕ್ಕದಲ್ಲಿ ಕೊರಳಿನಿಂದ ಜೋತುಬಿದ್ದು ಕಾಲು ಬಡಿಯುತ್ತಿದ್ದ ನಾಯಿಯನ್ನು ನಾನು ಓಡಿಹೋಗಿ ಎತ್ತಿ ಹಿಡಿದೆ. ಅವನು ಪಟ್ಟಿ ಬಿಚ್ಚಿದ. ಸಂಜೆಯವರೆಗೆ ಅದು ಕೆಮ್ಮಿತು, ಸಂಜೆಯವರೆಗೆ ಇವನು ಅಂಗಡಿಯವರನ್ನೂ ಶಾಂತಪ್ಪನನ್ನೂ ಬೈದ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಬೆಕ್ಕನ್ನಂತೂ ಬಿಡಲೇ ಇಲ್ಲ.

ಅವನ ಹೆಂಡತಿ ಪೀರಾಂಬಿ ನಾಯಿಯನ್ನು ಹೊಸ್ತಿಲು ದಾಟಗೊಡದವಳು. ಅವಳೇ ಹೊಸ್ತಿಲಲ್ಲಿ ನಿಂತು ಕೇಳಿದಳಂತೆ:

"ಕುದುರಿ ಕೊರಳಿಗೆ ಹಗ್ಗ ಹಾಕಿ ಟಾಂಗಾ ಎಳಸ್ತೀರೇನು?"

ದಿನಾ ಬೆಳಿಗ್ಗೆ ಕುದುರೆಗೆ ಎದೆಪಟ್ಟಿ ಬಿಗಿಯುವ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ಹಳೆಯ ಲಗಾಮಿನ ತೊಗಲು ಕತ್ತರಿಸಿ, ಪುಟಾಣಿಯ ಎದೆಗೊಂದು, ಹೊಟ್ಟೆಯ ಸುತ್ತ ಒಂದು ಪಟ್ಟಿ ಹೊಲಿದ. ಹಗ್ಗವನ್ನು ಬೆನ್ನ ಮೇಲೆ ಕಟ್ಟಿದ. ಈಗ ಜಗ್ಗಿದರೂ ಉಸಿರು ಕಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನಾಯಿ ಹಿಡಿಯುವ ಗಾಡಿ ಬಂತು. ಇಕ್ಕಳ ಹಿಡಿದವನು ಬಗ್ಗಿ ನೋಡಿ, ಕೊರಳಲ್ಲಿ ಪಟ್ಟಿ ಇಲ್ಲವಲ್ಲ, ಯಾರದಿದು ಎಂದು ಕೇಳಿದ. ಎದೆಯ ಮೇಲಿದೆ ನೋಡಪ್ಪ ಎಂದು ನಾನು ತೋರಿಸಿದೆ. ತನಗಿರುವ ಹುಕುಂ ಕೊರಳಿನದು, ಎದೆಯದಲ್ಲ ಎಂದ. ಪುಟಾಣಿ ಇಕ್ಕಳವನ್ನೇ ಮೂಸಿ ಬಾಲ ಅಲ್ಲಾಡಿಸಿತು.

ಮಶಾಕಸಾಬ ಕೂಗಾಡುತ್ತಾನೆ ಎಂದುಕೊಂಡೆ. ಅವನು ಸೀಟಿನ ಕೆಳಗಿಂದ ಶಾಂತಪ್ಪನ ಪಟ್ಟಿ ತೆಗೆದು, ಒಂದು ತೂತು ಸಡಿಲ ಬಿಟ್ಟು ಪುಟಾಣಿಯ ಕೊರಳಿಗೆ ಹಾಕಿದ. ಅದಕ್ಕೆ ಹಗ್ಗ ಕಟ್ಟಲಿಲ್ಲ. ಆಮೇಲೆ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ.

"ಕೊರಳಾಗಿಂದು ನಿಮ್ಮ ಹುಕುಮಿಂದು. ಎದಿ ಮ್ಯಾಲಿಂದು ನಾಯಿದು. ನಾಯಿ ನಂದು."

ಗಾಡಿ ಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ಅವನು ನಾಯಿಯನ್ನು ಕೆಳಗಿಳಿಸಲಿಲ್ಲ.