‘ಅವ್ವಾ, ಇತ್ಲಾಗ್ ತಿರುಗು’

ಕಳೆದ ವಾರ ಫೋನಿನ ಒಡೆದ ಗಾಜು ಬದಲಾಯಿಸಲು ಕುಶಾಲನಗರದ ರಿಪೇರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸತೊಡಗಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಇಂಥದ್ದೇ ಇನ್ನೊಂದು ಅಂಗಡಿಯ ಮುಂದೆ ಅವರು ನಿಂತಿದ್ದ ರೀತಿ ನೆನಪಾಯಿತು. ಇಷ್ಟು ವರ್ಷ ಕಳೆದರೂ ಅವತ್ತಿನ ಸಿಟ್ಟು ಮಾತ್ರ ಇಳಿದಿಲ್ಲ...

ದೊಡ್ಡಮ್ಮ ಎಂದು ಕರೆಯುತ್ತಿದ್ದೆವೇ ಹೊರತು ಅವರು ನಮಗೆ ನೆಂಟರಲ್ಲ. ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕುಟುಂಬ. ಜೋಳ, ಶುಂಠಿ ಬೆಳೆಯುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದರು. ಇದ್ದೊಬ್ಬ ಮಗ ದುಬಾರೆಯ ಹೊಳೆಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕರೆದೊಯ್ಯುವ ಕೆಲಸ ಮಾಡುತ್ತಿದ್ದ. ರಜೆಯ ದಿನ ಅವ್ವ ರೊಟ್ಟಿ ತಟ್ಟುವಾಗ ಅವರದೇ ಫೋನ್ ಎತ್ತಿಕೊಂಡು ಹಿಂದಿನಿಂದ ವಿಡಿಯೋ ಮಾಡುತ್ತಿದ್ದ. “ಅವ್ವಾ, ಇತ್ಲಾಗ್ ತಿರುಗು” ಅನ್ನುತ್ತಿದ್ದ. ಅವರು ಬೈಯುತ್ತಿದ್ದರು, ಅವನು ನಗುತ್ತಿದ್ದ.

ಒಂದು ಮಳೆಗಾಲದಲ್ಲಿ ಮಡಿಕೇರಿ ರಸ್ತೆಯ ತಿರುವಿನಲ್ಲಿ ಅವನ ಬೈಕ್ ಜಾರಿತು. ಅವನೂ ಉಳಿಯಲಿಲ್ಲ, ಅವನ ಜೇಬಿನಲ್ಲಿದ್ದ ಫೋನೂ ಉಳಿಯಲಿಲ್ಲ.

ಆಮೇಲೆ ದೊಡ್ಡಮ್ಮನಿಗೆ ಉಳಿದದ್ದು ತಮ್ಮ ಫೋನಿನೊಳಗಿನ ಆ ವಿಡಿಯೋಗಳು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಹಾಕಿಕೊಳ್ಳುತ್ತಿದ್ದರು. ಗೋಡೆ ದಾಟಿ ಅವನ ದನಿ ನಮ್ಮ ಮನೆಗೂ ಬರುತ್ತಿತ್ತು. ಮೊದಮೊದಲು ಕಿಟಕಿ ಮುಚ್ಚಿಬಿಡುತ್ತಿದ್ದೆವು. ಬರಬರುತ್ತಾ ಅದು ಕೇಳದಿದ್ದರೆ ಸಂಜೆಯಾದಂತೆಯೇ ಅನ್ನಿಸುತ್ತಿರಲಿಲ್ಲ...

ಫೋನ್ ಹಳತಾಯಿತು. ಜಾಗ ತುಂಬಿದೆ ಎಂದು ಪದೇಪದೇ ತೋರಿಸುತ್ತಿತ್ತು, ಕರೆ ಬಂದರೆ ಅಲುಗಾಡದೆ ನಿಂತುಬಿಡುತ್ತಿತ್ತು. ದೊಡ್ಡಮ್ಮನ ಮೈದುನ ಅದನ್ನು ಪೇಟೆಯ ಅಂಗಡಿಗೆ ಕೊಟ್ಟರು. ಅಂಗಡಿಯವನು ಒಂದು ಮಾತೂ ಕೇಳದೆ ಒಳಗಿದ್ದದ್ದನ್ನೆಲ್ಲ ಅಳಿಸಿ, ಹೊಸದರಂತೆ ಮಾಡಿ ಕೊಟ್ಟ. ಈಗ ಎಷ್ಟು ಚುರುಕಾಗಿದೆ ನೋಡಿ ಅತ್ತಿಗೆ ಎಂದು ಮೈದುನ ಅದನ್ನು ಹೆಮ್ಮೆಯಿಂದ ತಂದುಕೊಟ್ಟರು.

ಮರುದಿನ ದೊಡ್ಡಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಆ ಅಂಗಡಿಗೆ ಹೋದರು. ಅವರು ಜಗಳಕ್ಕೆ ಹೊರಟಿರಲಿಲ್ಲ. ತೆಗೆದದ್ದನ್ನು ಎಲ್ಲೋ ಎತ್ತಿಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ ಎಂದೇ ನಂಬಿದ್ದರು. ಅಂಗಡಿಯವನು ಇನ್ಯಾರದೋ ಫೋನನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಾ, ತಲೆಯನ್ನೂ ಎತ್ತದೆ ಹೇಳಿದ:

“ಫೋನ್ ಸರಿ ಆಯ್ತಲ್ಲ ಅಮ್ಮ. ಬರೀ ಫೋಟೋ ತಾನೆ, ಹೊಸ್ದಾಗಿ ತೆಕ್ಕೊಳ್ಳಿ.”

“ಯಾರ್ದು ತೆಕ್ಕೊಳ್ಳಲಪ್ಪಾ?” ಎಂದರು ದೊಡ್ಡಮ್ಮ.

ಆಗ ಅವನು ತಲೆ ಎತ್ತಿದ. ನಾನು ಕೂಗಾಡಿಬಿಟ್ಟೆ. ಹಳೇ ರವಿಕೆ ಕೊಟ್ಟರೂ ಟೈಲರ್ ಕತ್ತರಿ ಹಾಕುವ ಮೊದಲು ಒಂದು ಮಾತು ಕೇಳುತ್ತಾನೆ, ನಿನಗೆ ಬಾಯಿರಲಿಲ್ಲವೇ ಎಂದೆ. ಎಲ್ಲರಿಗೂ ಹೀಗೇ ಮಾಡುವುದು, ಬ್ಯಾಕಪ್ ಇಟ್ಟುಕೊಳ್ಳುವುದು ಗಿರಾಕಿಯ ಕೆಲಸ ಎಂದ. ಬ್ಯಾಕಪ್ ಎಂಬ ಪದವನ್ನು ದೊಡ್ಡಮ್ಮ ಕೇಳಿದ್ದೇ ಅವತ್ತು. ಆಮೇಲೆ ಮೈಸೂರಿಗೂ ಒಯ್ದೆವು. ಅಲ್ಲಿಯವರು ನೋಡಿ, ಏನೂ ಸಿಗುವುದಿಲ್ಲ ಎಂದು ವಾಪಸು ಕೊಟ್ಟರು.

ಅಂಗಡಿಯವನಿಗಿಂತ ಹೆಚ್ಚು ಸಿಟ್ಟು ಬಂದದ್ದು ಸಮಾಧಾನ ಹೇಳಲು ಬಂದವರ ಮೇಲೆ. ಹೋದ ಮಗನೇ ಬರುವುದಿಲ್ಲ, ವಿಡಿಯೋಗೇಕೆ ಇಷ್ಟು ಗೋಳು ಎಂದರು ಕೆಲವರು. ದಿನಾ ನೋಡಿ ಕೊರಗುತ್ತಿದ್ದರು, ಹೋದದ್ದೇ ಒಳ್ಳೆಯದಾಯಿತು ಎಂದು ಮೈದುನ ದೊಡ್ಡಮ್ಮನೆದುರೇ ಅಂದರು. ಅವರ ಪೆಟ್ಟಿಗೆಯಿಂದ ಯಾರಾದರೂ ಒಂದು ಹಳೇ ಸೀರೆ ಒಯ್ದಿದ್ದರೂ ಇದೇ ಜನ ಕಳ್ಳತನ ಎಂದು ಬೊಬ್ಬೆ ಹಾಕುತ್ತಿದ್ದರು. ಇದಕ್ಕೆ ಮಾತ್ರ ಹೆಸರೇ ಇರಲಿಲ್ಲ.

ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. ದುಬಾರೆಗೆ ಹೋಗಿ ಮಗನ ಜೊತೆ ಕೆಲಸ ಮಾಡುತ್ತಿದ್ದವರನ್ನು ಹಿಡಿದರು. ಅವರಲ್ಲಿ ಕರಿಕೆ ಊರಿನ ಗೆಳೆಯನೊಬ್ಬ, ತನ್ನ ಬಳಿ ನಂಬರ್ ಇದ್ದ ಹಳೆಯ ಪ್ರವಾಸಿಗರಿಗೆಲ್ಲ ಮೆಸೇಜ್ ಹಾಕಿದ. ಬಹಳ ದಿನ ಯಾರೂ ಉತ್ತರಿಸಲಿಲ್ಲ. ಕೊನೆಗೆ ಎಲ್ಲಿಯದೋ ಒಂದು ಕುಟುಂಬ ಒಂದು ತುಣುಕು ಕಳಿಸಿತು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಮಗ ರಾಫ್ಟಿನ ಹಿಂಬದಿಯಲ್ಲಿ ಕೂತಿದ್ದಾನೆ. ಹುಟ್ಟು ಹಾಕಿ ಎಂದು ಕೂಗುತ್ತಾನೆ, ಯಾರೋ ನೀರೆರಚಿದಾಗ ನಗುತ್ತಾನೆ.

ದೊಡ್ಡಮ್ಮ ರೆಪ್ಪೆ ಬಡಿಯದೆ ನೋಡಿದರು. “ಇವ್ನೇ ಕಣಪ್ಪ” ಎಂದರು. ಇನ್ನೊಂದು ಸಲ ಹಾಕಿಸಿ ನೋಡಿ, “ಆದ್ರೆ ಇದ್ರಲ್ಲಿ ನನ್ನ ಕರೆಯಾಕಿಲ್ವಲ್ಲ” ಎಂದರು.

ಆ ತುಣುಕನ್ನು ಅವರು ಒಂದೇ ಕಡೆ ಇರಗೊಡಲಿಲ್ಲ. ನನ್ನ ಕಂಪ್ಯೂಟರಿಗೆ ಹಾಕಿಸಿದರು. ಒಂದು ಮನೆಗೆ ಹೊಳೆ ನೀರು ನುಗ್ಗಿದರೂ ಇನ್ನೊಂದರಲ್ಲಿ ಇರಲಿ ಎಂದು, ಬಿಟ್ಟಂಗಾಲದ ನನ್ನ ಅಕ್ಕನ ಮನೆಗೂ ಒಂದು ಪೆನ್‌ಡ್ರೈವ್ ಕಳಿಸಿದರು. ಬೀದಿಯಲ್ಲಿ ಯಾರು ಫೋನ್ ರಿಪೇರಿಗೆ ಹೊರಟರೂ ತಡೆದು ನಿಲ್ಲಿಸಿ, ಫೋಟೋ ಎಲ್ಲ ಬೇರೆ ಕಡೆ ಇಳಿಸಿಕೊಂಡಿರಾ ಎಂದು ಕೇಳುತ್ತಿದ್ದರು. ಜನ ಬೆನ್ನ ಹಿಂದೆ ನಗುತ್ತಿದ್ದರು.

ದೊಡ್ಡಮ್ಮ ಈಗಿಲ್ಲ. ಅವರ ತಿಥಿಗೂ ಮೊದಲೇ ಮೈದುನ ಅವರ ಫೋನನ್ನು ಅಂಗಡಿಗೆ ಕೊಟ್ಟು, ಎಕ್ಸ್‌ಚೇಂಜಿನಲ್ಲಿ ಹೊಸದು ತಂದಿದ್ದರು. ಕೊಡುವ ಮೊದಲು ಒಳಗೇನಿದೆ ಎಂದು ಈ ಸಲವೂ ಯಾರೂ ನೋಡಲಿಲ್ಲ.

ಪ್ರತಿ ಮಳೆಗಾಲಕ್ಕೆ ಮುಂಚೆ ಇಲ್ಲಿ ನಾನು, ಅಲ್ಲಿ ಅಕ್ಕ, ಆ ತುಣುಕು ತೆರೆಯುತ್ತದೆಯೇ ಎಂದು ನೋಡುತ್ತೇವೆ. ಈ ವರ್ಷವೂ ತೆರೆಯಿತು, ಅವನು ನಕ್ಕ. ದೊಡ್ಡಮ್ಮ ಮಾತಾಡುವ, ಬೈಯುವ, ರೊಟ್ಟಿ ತಟ್ಟುವ ವಿಡಿಯೋ ಮಾತ್ರ ಯಾರ ಹತ್ತಿರವೂ ಇಲ್ಲ. ಅವರನ್ನು ವಿಡಿಯೋ ಮಾಡುತ್ತಿದ್ದವನು ಜಗತ್ತಿನಲ್ಲಿ ಆ ಮಗನೊಬ್ಬನೇ... ಅದನ್ನೆಲ್ಲ ಒಬ್ಬ, ತಲೆ ಎತ್ತದೆ, ಅಳಿಸಿಬಿಟ್ಟ.